ಬೆಳಗಿನ ಪ್ರಾರ್ಥನೆಗೆ ಒಪ್ಪಿಗೆ ಚೀಟಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಈ ಪತ್ರದ ಜೊತೆ ಅರ್ಧ ಹಾಳೆಯ ಚೀಟಿಯೊಂದನ್ನು ಲಕೋಟೆಯಲ್ಲಿಟ್ಟು ಕಳಿಸಿದ್ದೇವೆ. ಅದರಲ್ಲಿ ಎರಡು ಚೌಕಗಳಿವೆ: 'ನನ್ನ ಮಗು ಧಾರ್ಮಿಕ ಪ್ರಾರ್ಥನೆಗೆ ಬರಬಹುದು', 'ಬರುವುದು ಬೇಡ'. ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ, ಜೂನ್ 20ರೊಳಗೆ ಕಳಿಸಿಕೊಡಿ. ಕಾರಣ ಬರೆಯಬೇಕಿಲ್ಲ. ಅದಕ್ಕೆ ಜಾಗವನ್ನೇ ಬಿಟ್ಟಿಲ್ಲ.

ಇದೇನು ಹೊಸ ಪದ್ಧತಿ ಎಂದು ಕೆಲವರು ಕೇಳಬಹುದು. ನಿಯಮ 1950ರಿಂದಲೇ ಇದೆ. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ನಮ್ಮದು ಟ್ರಸ್ಟ್ ಕಟ್ಟಿದ, ಸರ್ಕಾರ ಸಂಬಳ ಕೊಡುವ ಅನುದಾನಿತ ಶಾಲೆ. ಇಂಥ ಕಡೆ ಧಾರ್ಮಿಕ ಬೋಧನೆ, ಪೂಜೆ, ಪ್ರಾರ್ಥನೆ ಇರಬಹುದು, ಆದರೆ ಯಾವ ಮಗುವಿಗೂ ಕಡ್ಡಾಯ ಮಾಡುವಂತಿಲ್ಲ. 18 ತುಂಬದ ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕೇ ಬೇಕು. ಅನುದಾನವಿಲ್ಲದೆ ಬರೀ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದೇ ಮಾತು. ಶಾಲೆಗೆ ಹೊಂದಿಕೊಂಡ ಆವರಣವನ್ನೂ ಆ ವಿಧಿ ಹೆಸರಿಸಿ ಹೇಳುತ್ತದೆ. ಹಾಗಾಗಿ 'ಗುಡಿ ಕಾಂಪೌಂಡಿನ ಆ ಮೂಲೆಯಲ್ಲಿದೆ, ಶಾಲೆಗೂ ಅದಕ್ಕೂ ಸಂಬಂಧವಿಲ್ಲ' ಎಂಬ ಸಬೂಬು ನಡೆಯುವುದಿಲ್ಲ.

ಚೀಟಿ ವಾಪಸ್ ಬರದಿದ್ದರೆ 'ಬೇಡ' ಎಂದೇ ಲೆಕ್ಕ ಹಿಡಿಯುತ್ತೇವೆ. ಸೇರ್ಪಡೆ ಅರ್ಜಿಯ ಕೊನೆಯಲ್ಲಿ 'ಶಾಲೆಯ ಎಲ್ಲ ಚಟುವಟಿಕೆಗಳಿಗೂ ಒಪ್ಪಿದ್ದೇನೆ' ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿ ಸಹಿ ತೆಗೆದುಕೊಳ್ಳುವುದನ್ನು ಒಪ್ಪಿಗೆ ಎನ್ನಲು ಮನಸ್ಸು ಬರುವುದಿಲ್ಲ. ಬೇಡ ಎನ್ನಲು ಚೌಕವೇ ಇಲ್ಲದ ಕಾಗದದಲ್ಲಿ ಹೂಂ ಎಂದರೆ ಏನು ಅರ್ಥ? ಈಗ ಕೊಟ್ಟ ಒಪ್ಪಿಗೆಯನ್ನು ವರ್ಷದ ನಡುವೆ ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಗುರುತು ಹಾಕುವ ಮೊದಲು ಮಗುವನ್ನೊಮ್ಮೆ ಕೇಳಿ. ಕಾನೂನು ನಿಮ್ಮ ಸಹಿ ಕೇಳುತ್ತದೆ, ಒಳಗೆ ಕೂರಬೇಕಾದವರು ಅವರು.

ಕಾಗದದ ಕೆಲಸ ಸುಲಭ, ಕಷ್ಟವಿರುವುದು ಬೆಳಗಿನ ಗಂಟೆಯಲ್ಲಿ. ಇಷ್ಟು ದಿನ ಧಾರ್ಮಿಕ ಪ್ರಾರ್ಥನೆ, ಎಲ್ಲರೂ ಮೈದಾನದಲ್ಲಿ ಸಾಲಾಗಿ ನಿಲ್ಲುವ ಬೆಳಗಿನ ಸಭೆಯ ನಡುವೆಯೇ ಬರುತ್ತಿತ್ತು. ಬೇಡವೆನ್ನುವ ಮಗು ಸಾಲು ಬಿಟ್ಟು, ಇಡೀ ಶಾಲೆ ನೋಡುತ್ತಿರುವಾಗ ಮೈದಾನ ದಾಟಬೇಕು. ಎಷ್ಟು ಮಕ್ಕಳಿಗೆ ಆ ಧೈರ್ಯವಿರುತ್ತದೆ? ಆದ್ದರಿಂದ ಇನ್ನು ಮುಂದೆ ಅದು 9.15ರಿಂದ 9.28ರವರೆಗೆ, ಮೇಲಿನ ಸಭಾಂಗಣದಲ್ಲಿ ನಡೆಯುತ್ತದೆ. 9.30ಕ್ಕೆ ಗಂಟೆ ಹೊಡೆದ ಮೇಲೆ ಎಲ್ಲರೂ ಮೈದಾನದಲ್ಲಿ: ನಾಡಗೀತೆ ಎರಡೂವರೆ ನಿಮಿಷ, ಸಂವಿಧಾನ ಪೀಠಿಕೆಯ ಓದು, ದಿನದ ಸುದ್ದಿ, ಕೊನೆಗೆ 52 ಸೆಕೆಂಡಿನ ರಾಷ್ಟ್ರಗೀತೆ. ಹಾಜರಿ ಕರೆಯುವುದು ತರಗತಿಗೆ ಹೋದ ಮೇಲೆಯೇ. ಪ್ರಾರ್ಥನೆಗೆ ಬಾರದವರ ಹೆಸರಿನ ಮುಂದೆ 'ತಡ' ಎಂದು ಬೀಳುವ ಪ್ರಶ್ನೆಯೇ ಇರುವುದಿಲ್ಲ.

ಹಳ್ಳಿಯ ಮಕ್ಕಳು ಬಸ್ಸಿಳಿಯುವುದು 9 ಗಂಟೆಗೆ. ಅಷ್ಟು ಹೊತ್ತಿಗೆ ಗ್ರಂಥಾಲಯದ ಬೀಗ ತೆಗೆದು ಒಬ್ಬ ಶಿಕ್ಷಕರು ಅಲ್ಲಿರುತ್ತಾರೆ. ಪ್ರಾರ್ಥನೆಗೆ ಹೋಗದ ಮಕ್ಕಳು ಅಲ್ಲಿ ಕೂರಬಹುದು. ಆ ಮಕ್ಕಳನ್ನು ಜಗುಲಿಯಲ್ಲಿ ನಿಲ್ಲಿಸುವುದಾಗಲಿ, 'ಸುಮ್ಮನೆ ಇದ್ದೀರಲ್ಲ, ಕಸ ಗುಡಿಸಿ' ಎನ್ನುವುದಾಗಲಿ ಆಗಬಾರದು. ಅದು ಬೇಡವೆಂದದ್ದಕ್ಕೆ ಕೊಡುವ ಶಿಕ್ಷೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

'ಪ್ರಾರ್ಥನೆಗೆ ಬಾರದವರು ಕೈ ಎತ್ತಿ' ಎಂದು ಕೇಳಬಾರದೆಂದು ಶಿಕ್ಷಕರಿಗೆ ಲಿಖಿತವಾಗಿ ತಿಳಿಸಲಾಗಿದೆ. ವಿದ್ಯಾರ್ಥಿವೇತನದ ಕಾಲದಲ್ಲಿ 'ಮೈನಾರಿಟಿ ಮಕ್ಕಳು ಎದ್ದು ನಿಂತ್ಕೊಳ್ಳಿ', 'ಎಸ್‌ಸಿ, ಎಸ್‌ಟಿಯವರು ಯಾರ‍್ಯಾರು?' ಎಂಬ ಕೂಗಿಗೂ ಇದೇ ಅನ್ವಯ. ದಾಖಲೆಯಲ್ಲಿ ಜಾತಿ, ಧರ್ಮದ ಕಾಲಂ ಇರುವುದು ಕಚೇರಿಯ ಕೆಲಸಕ್ಕೆ. ಇನ್ನು ಮುಂದೆ ವಿದ್ಯಾರ್ಥಿವೇತನದ ವಿಷಯವಿದ್ದರೆ, ಕ್ರಮಸಂಖ್ಯೆ ಬರೆದ ಮಡಚಿದ ಚೀಟಿ ಕಚೇರಿಯಿಂದ ನೇರ ಮಗುವಿನ ಕೈಗೆ ಹೋಗುತ್ತದೆ.

ಬಿಸಿಯೂಟದಲ್ಲಿ ಮೊಟ್ಟೆಯ ದಿನ ತಿನ್ನುವವರಿಗೊಂದು, ತಿನ್ನದವರಿಗೊಂದು ಸಾಲು ಮಾಡುವುದಿಲ್ಲ. ಒಂದೇ ಪಂಕ್ತಿ. ಒಂದು ತಟ್ಟೆಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದು ಬಡಿಸುವವರು ಬರುತ್ತಾರೆ.

ರಾಷ್ಟ್ರಗೀತೆಯ ಬಗ್ಗೆ ಪ್ರತಿ ವರ್ಷ ಯಾರಾದರೂ ಕೇಳುತ್ತೀರಿ. 1985ರ ಜುಲೈನಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳನ್ನು ಹೊರಗೆ ಹಾಕಿತು. ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ, ಅಷ್ಟೆ. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ನಮ್ಮಲ್ಲೂ ಅದೇ ಕ್ರಮ: ಎದ್ದು ನಿಲ್ಲಬೇಕು, ಗಲಾಟೆ ಕೂಡದು, ತುಟಿ ಆಡುತ್ತಿದೆಯೇ ಎಂದು ಯಾರೂ ಇಣುಕಿ ನೋಡುವುದಿಲ್ಲ.

ಈ ಚೀಟಿ ಪಾಠಕ್ಕೆ ಅನ್ವಯಿಸುವುದಿಲ್ಲ. ವಚನ, ಕೀರ್ತನೆ, ಶಿಶುನಾಳ ಷರೀಫರ ತತ್ವಪದಗಳು ಕನ್ನಡ ತರಗತಿಯಲ್ಲಿ ಸಾಹಿತ್ಯ. ಬುದ್ಧ, ಮಹಾವೀರ, ಯೇಸು, ಪೈಗಂಬರರ ಪಾಠಗಳು ಇತಿಹಾಸ. ಗುರುನಾನಕರ ಬದುಕು, ಬೋಧನೆಗಳ ಅಧ್ಯಯನವು ಧಾರ್ಮಿಕ ಬೋಧನೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1971ರಲ್ಲೇ ಪಂಜಾಬಿನ ಡಿಎವಿ ಕಾಲೇಜು ಪ್ರಕರಣದಲ್ಲಿ ಹೇಳಿದೆ. ಗೆರೆ ಎಲ್ಲಿದೆ ಎಂದರೆ, 'ಇವರು ಹೀಗೆ ನಂಬುತ್ತಾರೆ' ಎಂದರೆ ಪಾಠ, 'ನೀನು ಹೀಗೆ ನಂಬು' ಎಂದರೆ ಬೋಧನೆ. ವಿಜ್ಞಾನದ ತರಗತಿಯಿಂದಲೂ ವಿನಾಯಿತಿ ಇಲ್ಲ.

ಶಾರದಾ ಪೂಜೆಯಾಗಲಿ ಕ್ರಿಸ್‌ಮಸ್ ಆಗಲಿ, ತರಗತಿಯಲ್ಲಿ ಚಂದಾ ಎತ್ತುವುದಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ, ನನಗೆ ತಿಳಿಸಿ.

ಸಮವಸ್ತ್ರವನ್ನು ಈ ಪತ್ರದಲ್ಲಿ ಎತ್ತಿಕೊಂಡಿಲ್ಲ. ಹಿಜಾಬ್ ಮೊಕದ್ದಮೆಯಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನ ತೀರ್ಪು ಕೊಟ್ಟ ವಿಷಯವದು. ಮುಖ್ಯ ಶಿಕ್ಷಕರ ಚೀಟಿಯಲ್ಲಿ ಬಗೆಹರಿಯುವಂಥದ್ದಲ್ಲ.

ಚೀಟಿಯನ್ನು ಅದೇ ಲಕೋಟೆಯಲ್ಲಿ ಅಂಟಿಸಿ ಕಚೇರಿಯ ಕಿಟಕಿಯ ಬಳಿಯ ಡಬ್ಬಿಗೆ ಹಾಕಿಸಿ. ತರಗತಿ ಶಿಕ್ಷಕರ ಕೈಗೆ ಬೇಡ. ಓದಲು ಬಾರದವರು ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ಕಚೇರಿಗೆ ಬಂದರೆ ಗುಮಾಸ್ತರು ಎರಡೂ ಸಾಲು ಓದಿ ಹೇಳುತ್ತಾರೆ. ಗುರುತು ಹಾಕುವಾಗ ಅವರು ಮುಖ ಆಚೆ ತಿರುಗಿಸಬೇಕೆಂದು ಹೇಳಿದ್ದೇನೆ. ಹೆಬ್ಬೆಟ್ಟೂ ಸಹಿಯಷ್ಟೇ ಸರಿ.

ಇಂತಿ,
ಮುಖ್ಯ ಶಿಕ್ಷಕಿ