ಗೋಡೆ ಖಾಲಿ ಬಿಡಬೇಡ ಪುಟ್ಟಿ

ಮಂಡ್ಯ
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರವೇ ಕೈಸೇರಿತು. ಊರಿನ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನೇ ಮತ್ತೆ ಬರೆಯುವುದಿಲ್ಲ. ಹಾಸ್ಟೆಲಿನ ಮೆಸ್ಸಿನ ಊಟ, ಲ್ಯಾಬು, ರೂಮಿನ ಹುಡುಗಿಯರ ವಿಷಯ ಓದಿ ಸಂತೋಷವಾಯಿತು. ಆದರೆ ಎರಡನೇ ಹಾಳೆಯ ಕೊನೆಗೆ ಬಂದು ನಿಂತುಬಿಟ್ಟೆ. "ತಂದ ಚಿತ್ರ ಒಂದೂ ರೂಮಿನ ಗೋಡೆಗೆ ಹಾಕಿಲ್ಲ ದೊಡ್ಡಮ್ಮ. ಬಣ್ಣ ಕಿತ್ತರೆ ಡೆಪಾಸಿಟ್ಟಿನಲ್ಲಿ ಹಿಡ್ಕೋತಾರಂತೆ. ನಾನು ಇದ್ದೆ ಅಂತಲೇ ಗೊತ್ತಾಗದ ಹಾಗೆ ಇದ್ದು ಹೋಗಿಬಿಡ್ತೀನಿ" ಅಂತ ಬರೆದಿದ್ದೀಯ. ಬರೆಯುವ ಭರದಲ್ಲಿ ಬರೆದದ್ದೇ ಇರಬಹುದು. ನನಗೆ ಮಾತ್ರ ಆವತ್ತಿನಿಂದ ಅದೇ ಯೋಚನೆ. ಫೋನ್ ಮಾಡಿದರೆ "ಅಯ್ಯೋ, ಅದೇನಿಲ್ಲ ಬಿಡಿ ದೊಡ್ಡಮ್ಮ" ಅಂದುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನಗೆ ಇಂಥ ಮಾತು ಎಲ್ಲಿಂದ ಬಂತು ಅಂತ ನಾನು ಕೇಳಬೇಕಾಗಿಲ್ಲ. ಆ ಎರಡು ವರ್ಷ ನಿಮ್ಮ ಮನೆಯಲ್ಲಿ ನಡೆದದ್ದು ನಮ್ಮಿಬ್ಬರಿಗೂ ಗೊತ್ತು, ಅದು ಇಲ್ಲಿ ಬೇಡ. ಯಾರಿಗೂ ಹೊರೆಯಾಗಬಾರದು ಅನ್ನುವುದನ್ನು ನೀನು ಆಗಲೇ ಕಲಿತೆ. ಎಷ್ಟು ತಿಳಿವಳಿಕೆಯ ಹುಡುಗಿ ಅಂತ ಎಲ್ಲರೂ ಹೊಗಳಿದೆವು. ಈಗ ಅದೇ ತಿಳಿವಳಿಕೆ ನೀನು ಮಲಗುವ ರೂಮಿನ ಗೋಡೆಯವರೆಗೂ ಬಂದಿದೆ ಅಂತ ಓದಿದಾಗ ನನಗೆ ಹೆದರಿಕೆಯಾಯಿತು.

ದುಡ್ಡಿನ ಭಯ ಸುಳ್ಳಲ್ಲ, ಅದು ನನಗೂ ಗೊತ್ತು. ದೊಡ್ಡಪ್ಪನಿಗೆ ವರ್ಗವಾದ ಕಡೆಗೆಲ್ಲ, ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ, ತಿರುಗಿ ಮಂಡ್ಯ ಅಂತ ಪಾತ್ರೆಪಡಗ ಕಟ್ಟಿಕೊಂಡು ಹೋದವಳು ನಾನು. ಒಂದು ಮನೆ ಬಿಡುವ ದಿನ ಮನೆಯ ಯಜಮಾನರು ಬಂದು ಪ್ರತಿ ಗೋಡೆಯನ್ನೂ ಕೈಯಾಡಿಸಿ ನೋಡಿದರು. ನಡುಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯ ತೂತಿಗೆ ಉಗುರು ಇಟ್ಟು, ಸುಣ್ಣಬಣ್ಣದ ಖರ್ಚು ಅಂತ ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಆ ಮೊಳೆ ನಾವು ಹೋಗುವ ಮೊದಲೇ ಅಲ್ಲಿತ್ತು. ಹೇಳಿದರೆ ಯಾರು ಕೇಳುತ್ತಾರೆ? ಗುರುತು ಹಿಡಿದಿಡಲು ನಮ್ಮ ಹತ್ತಿರ ಏನಿತ್ತು?

ನಿನ್ನ ಕೈಯಲ್ಲಿ ಫೋನಿದೆಯಲ್ಲ. ರೂಮಿಗೆ ಹೋದ ದಿನವೇ ಮಾಡಬೇಕಿತ್ತು, ಈಗಲಾದರೂ ಆದೀತು. ನಾಲ್ಕೂ ಗೋಡೆ, ಮೊದಲಿದ್ದವರು ಟೇಪ್ ಕಿತ್ತ ಗುರುತು, ಕಿಟಕಿಯ ಕೆಳಗಿನ ತೇವದ ಕಲೆ, ಎಲ್ಲದರ ಫೋಟೋ ತೆಗೆದು ವಾರ್ಡನ್ ಮೇಡಂಗೆ ಕಳಿಸು. ತಾರೀಖಿನ ಸಮೇತ ದಾಖಲೆ ಉಳಿಯುತ್ತದೆ. ಗೋಡೆಗೆ ಏನು ಹಾಕಬಹುದು, ಏನು ಹಾಕಬಾರದು ಅಂತ ಆಗಲೇ ಕೇಳಿಬಿಡು. ಕೇಳುವುದರಿಂದ ಅವರಿಗೆ ತೊಂದರೆ ಕೊಟ್ಟ ಹಾಗಾಗುವುದಿಲ್ಲ ಪುಟ್ಟಿ. ಅವರು ಕೂತಿರುವುದೇ ಅದಕ್ಕೆ.

ಆ ಮನೆಯಾದ ಮೇಲೆ ನಾವು ಯಾವ ಗೋಡೆಗೂ ಮೊಳೆ ಹೊಡೆಯಲಿಲ್ಲ. ಕ್ಯಾಲೆಂಡರು ಬಾಗಿಲ ಚಿಲಕಕ್ಕೆ, ದೇವರ ಪಟಗಳು ಗೂಡಿನೊಳಗೆ. ನೋಡಿದವರು ಮನೆ ಎಷ್ಟು ಓರಣವಾಗಿದೆ ಅನ್ನುತ್ತಿದ್ದರು.

ನಾನು ಪಾಠ ಹೇಳುತ್ತಿದ್ದ ಸ್ಕೂಲಿನಲ್ಲಿ ಮಾತ್ರ ನನ್ನ ರೀತಿಯೇ ಬೇರೆ ಇತ್ತು. ಪ್ರಾಥಮಿಕ ಶಾಲೆಗಳ ಸುಧಾರಣೆಗೆ ಅಂತ ಸರ್ಕಾರದ ಡಿಪಿಇಪಿ ಯೋಜನೆ ಬಂದ ಕಾಲ, ನಮಗೆ ತರಬೇತಿಯ ಮೇಲೆ ತರಬೇತಿ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ ನಲಿಕಲಿಯ, ಅಂದರೆ ಮಕ್ಕಳು ನಲಿಯುತ್ತಾ ಕಲಿಯುವ ಪದ್ಧತಿಯ ಸುದ್ದಿ ಕಿವಿಗೆ ಬಿದ್ದದ್ದು ಆಗಲೇ. ಆ ಕೊಠಡಿಗಳಲ್ಲಿ ಮಕ್ಕಳ ತಲೆಯ ಮೇಲೆ ಚಪ್ಪರ ಇರುತ್ತದೆ. ದಾರ ಎಳೆದು ಜಾಲ ಕಟ್ಟಿ, ಅವರು ಬರೆದದ್ದು, ಕತ್ತರಿಸಿದ್ದು, ಮಡಿಸಿದ್ದು ಎಲ್ಲವನ್ನೂ ಅಲ್ಲಿ ತೂಗುಹಾಕುತ್ತಾರೆ. ನನಗೆ ಅದು ಬಹಳ ಹಿಡಿಸಿತು. ನಮ್ಮ ಹೆಡ್ ಮೇಷ್ಟ್ರಿಗೆ ಹೊಸದಾಗಿ ಹೊಡೆಸಿದ ಡಿಸ್ಟೆಂಪರಿನ ಮೇಲೆ ಒಂದು ತೊಟ್ಟು ಗೋಂದು ಬೀಳಕೂಡದು. ನಾನು ಈ ಕಿಟಕಿಯ ಸರಳಿನಿಂದ ಎದುರು ಕಿಟಕಿಯ ಸರಳಿಗೆ ದಾರ ಕಟ್ಟಿದೆ, ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ. ಕಬ್ಬಿನ ಗಾಡಿ, ಸಕ್ಕರೆ ಕಾರ್ಖಾನೆಯ ಚಿಮಣಿ, ಕನ್ನಂಬಾಡಿ ಕಟ್ಟೆ, ಅವರವರ ಮನೆಯ ಎಮ್ಮೆ. ಒಂದು ಮಗುವಿನದೂ ಬಿಡುತ್ತಿರಲಿಲ್ಲ. ಗೋಡೆಗೆ ಒಂದು ಗೀರೂ ಬೀಳಲಿಲ್ಲ.

ನಿನ್ನ ರೂಮಿಗೂ ಅದೇ ಸಾಕು ಅಂತ ನನಗೆ ಅನ್ನಿಸುತ್ತದೆ. ಕಿಟಕಿಗೆ ಸರಳಿದೆ, ಸೊಳ್ಳೆಪರದೆಗೆ ಅಂತ ಮೊದಲೇ ಹೊಡೆದ ಮೊಳೆಗಳಿವೆ ಅಂತ ನೀನೇ ಬರೆದಿದ್ದೀಯ. ನಡುವೆ ದಾರ ಕಟ್ಟು. ದಾರ ತೀರ ಉದ್ದವಾದರೆ ಮಧ್ಯದಲ್ಲಿ ಜೋಲುತ್ತದೆ, ಗಿಡ್ಡಗೆ ಎರಡು ಕಟ್ಟಿದರೆ ವಾಸಿ. ಸ್ವಿಚ್ ಬೋರ್ಡಿನ ಮೇಲಾಗಲಿ, ಫ್ಯಾನಿನ ಗಾಳಿ ನೇರ ಬಡಿಯುವ ಕಡೆಯಾಗಲಿ ಬೇಡ. ಹೇಳಹೊರಟದ್ದು ಇದಲ್ಲ, ಕೈ ಎಲ್ಲಿಗೋ ಹೋಯಿತು.

ಒಂದು ಶನಿವಾರ ನಿನ್ನ ಅಣ್ಣನಿಗೆ ಸ್ಕೂಲಿಗೆ ರಜೆ ಇತ್ತು, ನನ್ನ ಜೊತೆ ಕರೆದುಕೊಂಡು ಹೋದೆ. ಆಗ ಅವನು ಮೂರನೇ ಕ್ಲಾಸು. ಕತ್ತೆತ್ತಿಕೊಂಡು ಒಂದೊಂದೇ ಚಿತ್ರ ನೋಡಿದ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದ, "ಅಮ್ಮ, ಇವರದ್ದೆಲ್ಲ ಹಾಕಿದ್ದೀಯ. ನಂದು ಎಲ್ಲಿ ಹಾಕ್ತೀಯ?" ನಮ್ಮದೇ ಮನೆ ಆದಮೇಲೆ ಹಾಕೋಣ ಕಂದ ಅಂದೆ. ಹಟ ಮಾಡಲಿಲ್ಲ ಅವನು. ಬರೆದದ್ದನ್ನೆಲ್ಲ ತಾನೇ ಸುರುಳಿ ಸುತ್ತಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಇಡುತ್ತಾ ಹೋದ. ನಮ್ಮದೇ ಮನೆ ಆಗುವ ಹೊತ್ತಿಗೆ ಅವನು ಇಂಜಿನಿಯರಿಂಗ್‌ಗೆ ಹೋಗಿದ್ದ. ಗೃಹಪ್ರವೇಶವಾದ ವಾರ ಟ್ರಂಕು ತೆಗೆದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮಿಕ್ಕವನ್ನು ಹುಳು ತಿಂದಿತ್ತು. ಬಿಡಿಸಲು ಹೋದರೆ ಬಣ್ಣವೇ ಎದ್ದು ಬಂತು. ಅವನು ನೋಡಿ "ಬಿಡಮ್ಮ, ಅದೆಲ್ಲ ಈಗ್ಯಾಕೆ" ಅಂದ.

ಈಗ ಅವನ ಪುಣೆಯ ಮನೆ ಸ್ವಂತದ್ದೇ. ನಾನು ಹೋದಾಗಲೆಲ್ಲ ನೋಡುತ್ತೇನೆ, ಇಡೀ ಮನೆಯಲ್ಲಿ ಒಂದು ಮೊಳೆಯಿಲ್ಲ, ಒಂದು ಪಟವಿಲ್ಲ. ಕೇಳಿದರೆ "ಹೀಗೇ ಚೆನ್ನಾಗಿದೆಯಮ್ಮ" ಅನ್ನುತ್ತಾನೆ. ಅವನ ಇಷ್ಟವೇ ಇರಬಹುದು. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ನಿನ್ನ ಕಾಗದ ಓದಿದಾಗ ಬಸ್ಸಿನಲ್ಲಿ ಸುಮ್ಮನಾಗಿ ಕೂತ ಅವನ ಮುಖವೇ ಕಣ್ಣಿಗೆ ಬಂತು. ಗೊತ್ತಾಗದ ಹಾಗೆ ಇದ್ದು ಹೋಗುವುದು ಅಭ್ಯಾಸವಾಗಿಬಿಟ್ಟರೆ ಮುಂದೆ ನಿನ್ನದೇ ಮನೆಯಲ್ಲೂ ಹಾಗೇ ಇರುತ್ತೀಯ ಪುಟ್ಟಿ. ನನ್ನ ಹೆದರಿಕೆ ಅದು. ಡೆಪಾಸಿಟ್ಟಿನದಲ್ಲ.

ಈಗಿನ ಸಾಮಾನುಗಳ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಗೋಡೆಗಳ ಜೊತೆ ಏಗಿದವಳು ಅಂತ ಒಂದೆರಡು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲು ಗೋಡೆಯ ಮೇಲೆ ಅಂಗೈ ಉಜ್ಜಿ ನೋಡು. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ, ಇಲ್ಲವೇ ಅಗ್ಗದ ಡಿಸ್ಟೆಂಪರ್. ಅಂಥದ್ದಕ್ಕೆ ಯಾವ ಅಂಟೂ ಆಗಿಬರುವುದಿಲ್ಲ. ಅಂಟು ಹಿಡಿಯುವುದು ಮೇಲಿನ ಪುಡಿಯನ್ನೇ ಹೊರತು ಗೋಡೆಯನ್ನಲ್ಲ, ರಾತ್ರಿ ಚಿತ್ರದ ಸಮೇತ ಉದುರುತ್ತದೆ. ಪುಡಿ ಹತ್ತದೆ ನಯವಾಗಿದ್ದರೆ ಎಮಲ್ಷನ್ ಪೇಂಟು, ಅದರ ಮೇಲೆ ಧೈರ್ಯ ಮಾಡಬಹುದು. ಕೆಲವು ಹಳೆಯ ಹಾಸ್ಟೆಲುಗಳಲ್ಲಿ ಗೋಡೆಯ ಕೆಳಭಾಗಕ್ಕೆ ಎದೆಮಟ್ಟದವರೆಗೆ ಆಯಿಲ್ ಪೇಂಟ್ ಹೊಡೆದಿರುತ್ತಾರೆ. ನಿನ್ನ ರೂಮಿನಲ್ಲಿ ಹಾಗಿದ್ದರೆ ಅದೃಷ್ಟ, ಟೇಪಿನ ಅಂಟು ಉಳಿದರೂ ಒರೆಸಿದರೆ ಹೋಗುತ್ತದೆ.

ನಿನ್ನ ಅತ್ತಿಗೆ ಕಮಾಂಡ್ ಸ್ಟ್ರಿಪ್ ಅಂತ, ಮೊಳೆಯ ಬದಲು ಗೋಡೆಗೆ ಹಚ್ಚುವ ಅಂಟುಪಟ್ಟಿಗಳ ಒಂದು ಪ್ಯಾಕೆಟ್ ತಂದುಕೊಟ್ಟಿದ್ದಳು. ನಯವಾದ ಗೋಡೆಗೆ ಅದು ಒಳ್ಳೆಯದು, ಆದರೆ ಅವಸರದವರಿಗೆ ಅಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್ಟಿನಿಂದ ಜಾಗ ಒರೆಸಿ, ಒಣಗಿದ ಮೇಲೆ ಪಟ್ಟಿ ಅಂಟಿಸಿ 30 ಸೆಕೆಂಡು ಒತ್ತಿ ಹಿಡಿಯಬೇಕು, ಒಂದು ಗಂಟೆ ಬಿಟ್ಟು ಭಾರ ಹಾಕಬೇಕು. ತೆಗೆಯುವಾಗ ಪಟ್ಟಿಯ ತುದಿಯ ಬಾಲವನ್ನು ನಿನ್ನ ಕಡೆಗೆ ಎಳೆದರೆ ಬಣ್ಣ ಕಿತ್ತು ಬರುತ್ತದೆ. ಗೋಡೆಗೆ ಒತ್ತಿದಂತೆ ನೇರ ಕೆಳಕ್ಕೆ, ನಿಧಾನವಾಗಿ ಎಳೆಯುತ್ತಾ ಹೋಗು, ಪಟ್ಟಿ ರಬ್ಬರಿನಂತೆ ಹಿಗ್ಗಿ ತಾನೇ ಬಿಡುತ್ತದೆ. ಹೊಸ ಬಣ್ಣ ಹೊಡೆದಿದ್ದರೆ ಕಡೇಪಕ್ಷ ಒಂದು ವಾರ ಕಾಯಬೇಕು. ಮಂಚದ ಮೇಲೆ, ತಲೆಯ ನೇರಕ್ಕೆ ಏನನ್ನೂ ತೂಗುಹಾಕಬೇಡ, ಗಾಜಿನ ಫ್ರೇಮನ್ನಂತೂ ಬೇಡವೇ ಬೇಡ. ಯಾವುದನ್ನೇ ಆಗಲಿ ಮೊದಲು ಬೀರುವಿನ ಹಿಂದಿನ ಮೂಲೆಯಲ್ಲಿ ಅಂಟಿಸಿ, ಎರಡು ದಿನ ಬಿಟ್ಟು ಕಿತ್ತು ನೋಡು.

ಡಬಲ್ ಸೈಡ್ ಫೋಮ್ ಟೇಪು ಮಾತ್ರ ತರಬೇಡ. ಅದು ಬಿಡುವಾಗ ಗಾರೆಯ ಚಕ್ಕೆಯನ್ನೂ ಎಳೆದುಕೊಂಡು ಬರುತ್ತದೆ. ಮೈದಾ ಅಂಟು ಬೇಡ, ಜಿರಳೆ ಬರುತ್ತದೆ. ಬ್ಲೂ ಟ್ಯಾಕ್ ಅಂತ ನಿನ್ನ ಗೆಳತಿ ಹೇಳಿದ್ದಾಳಲ್ಲ, ನಾದಿದ ಹಿಟ್ಟಿನಂಥ ಅಂಟು, ಅದು ಹಗುರ ಕಾಗದಕ್ಕೆ ಪರವಾಗಿಲ್ಲ, ಬಹಳ ದಿನ ಬಿಟ್ಟರೆ ಕೆಲವು ಬಣ್ಣದ ಮೇಲೆ ಎಣ್ಣೆಯಂಥ ಕಲೆ ಉಳಿಸುತ್ತದೆ. ಹಳೆಯ ಟೇಪಿನ ಅಂಟಿಗೆ ಹೇರ್ ಡ್ರೈಯರಿನ ಬಿಸಿ ತೋರಿಸಿ ನಿಧಾನಕ್ಕೆ ಬಿಡಿಸು. ಕೊಬ್ಬರಿ ಎಣ್ಣೆ ಸ್ಟೀಲಿಗೆ, ಗಾಜಿಗೆ ಸರಿ, ಗೋಡೆಗೆ ಹಚ್ಚಿದರೆ ಆ ಕಲೆ ಹೋಗುವುದೇ ಇಲ್ಲ. ಇಷ್ಟೆಲ್ಲ ಹೇಳಿ ನಿನ್ನ ಭಯವನ್ನು ಇನ್ನೂ ಹೆಚ್ಚು ಮಾಡಿದೆನೋ ಏನೋ. ಯಾವುದೂ ಬೇಡ ಅನ್ನಿಸಿದರೆ ಕಬ್ಬಿಣದ ಬೀರು ಇದೆಯಲ್ಲ, ನಾಲ್ಕು ಮ್ಯಾಗ್ನೆಟ್ ತಂದು ಅದಕ್ಕೇ ಹಾಕು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಪ್ರಿಂಟು ಕೊಂಡೆ ಅಂದೆಯಲ್ಲ, ದೀಪ ಹಿಡಿದ ಹೆಂಗಸಿನ ಚಿತ್ರ. ರವಿವರ್ಮನದು ಅಂತ ಬರೆದಿದ್ದೀಯ. ಅಲ್ಲಿಗೆ ಹೋದ ಬಹಳ ಜನ ಹಾಗೇ ತಿಳಿಯುತ್ತಾರೆ. ಅದು ಎಸ್.ಎಲ್. ಹಲ್ದಣಕರ್ ಅವರದು, ಜಲವರ್ಣ, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು. ನಾನು ಟೀಚರ್ ಆಗಲು ಟಿ.ಸಿ.ಎಚ್. ಓದುವಾಗ ಭಾನುವಾರ ಅಲ್ಲಿಗೆ ಹೋಗಿ ಅದರ ಮುಂದೆ ನಿಲ್ಲುತ್ತಿದ್ದೆ. ಒಂದು ಪ್ರಿಂಟು ಕೊಳ್ಳಬೇಕು ಅಂತ ಬಹಳ ಆಸೆಯಿತ್ತು. ಎಲ್ಲಿ ಹಾಕುವುದು ಅಂತ ಸುಮ್ಮನಾದೆ. ಅದು ಕೂಡ ಇಷ್ಟು ವರ್ಷದ ಮೇಲೆ ನಿನ್ನ ಕಾಗದದಿಂದಲೇ ನೆನಪಾಯಿತು. ಬಿಸಿಲು ಬೀಳುವ ಕಡೆ ಅದನ್ನು ಹಾಕಬೇಡ, ಪ್ರಿಂಟಿನ ಬಣ್ಣ ಬೇಗ ಮಾಸುತ್ತದೆ. ಬಚ್ಚಲಿಗೆ ಹೊಂದಿದ ಗೋಡೆಯೂ ಬೇಡ, ಆಷಾಢದ ಮಳೆ ಹಿಡಿದಾಗ ಹೊರಗೋಡೆಯೂ ಬೇಡ. ತೇವಕ್ಕೆ ಬಣ್ಣ ಉಬ್ಬುತ್ತದೆ, ಕಾಗದಕ್ಕೆ ಬೂಷ್ಟು ಹತ್ತುತ್ತದೆ.

ನೀನು ಬರೆದ ಮೇಲುಕೋಟೆ ಕಲ್ಯಾಣಿಯ ಪೆನ್ಸಿಲ್ ಚಿತ್ರ ಎಲ್ಲಿದೆ? ಅದರ ಮಾತೇ ಎತ್ತಿಲ್ಲ ನೀನು. ಪೆಟ್ಟಿಗೆಯ ತಳದಲ್ಲಿದ್ದರೆ ದಯವಿಟ್ಟು ಈಚೆ ತೆಗೆ. ಸುರುಳಿ ಸುತ್ತಿಟ್ಟಿದ್ದರೆ ದಪ್ಪ ಪುಸ್ತಕಗಳ ಕೆಳಗೆ ನಾಲ್ಕು ದಿನ ಇಡು, ನೇರವಾಗುತ್ತದೆ. ಪೆನ್ಸಿಲ್ ಉಜ್ಜಿ ಹೋಗುತ್ತದೆ, ಪ್ಲಾಸ್ಟಿಕ್ ಕವರಿನೊಳಗೆ ಹಾಕು. ಪ್ರಾಜೆಕ್ಟ್ ಕೊಡುವ ಸ್ಟಿಕ್ ಫೈಲಿನ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದನ್ನು ಮೇಲೊಂದು ಕೆಳಗೊಂದು ಸಿಕ್ಕಿಸಿದರೆ ಹಾಳೆ ಮುದುರುವುದಿಲ್ಲ. ಸ್ಕೂಲಿನ ಚಾರ್ಟುಗಳಿಗೆ ಮರದ ಪಟ್ಟಿ ಹಾಕುತ್ತಿದ್ದದ್ದು ಇದಕ್ಕೇ.

ಎಲ್ಲ ಜೋಪಾನ ಮಾಡಿಯೂ ಒಂದು ಚೂರು ಬಣ್ಣ ಎದ್ದಿತು ಅಂದುಕೋ. ಡೆಪಾಸಿಟ್ಟಿನಲ್ಲಿ ಎಷ್ಟೇ ಮುರಿದುಕೊಳ್ಳಲಿ, ಅದು ನನ್ನ ಪೆನ್ಷನ್ನಿನಲ್ಲಿ ಬರುತ್ತದೆ. ನಿಮ್ಮಮ್ಮನವರೆಗೂ ಹೋಗಬೇಕಾಗಿಲ್ಲ, ನನಗೆ ಒಂದು ಫೋನ್ ಮಾಡು ಸಾಕು. ಇದನ್ನು ಸಮಾಧಾನಕ್ಕೆ ಅಂತ ಹೇಳುತ್ತಿಲ್ಲ. ನೀನು ಆ ರೂಮಿನಲ್ಲಿ ಇದ್ದೆ ಅನ್ನುವುದಕ್ಕೆ ಒಂದು ಗುರುತು ಉಳಿದರೆ ಅದರ ಬೆಲೆ ಕೊಡುವುದಕ್ಕೆ ನನಗೆ ಸಂತೋಷ. ನಿಜವಾಗಿಯೂ ಸಂತೋಷ.

ಬುಧವಾರ ದೊಡ್ಡಪ್ಪ ಕಣ್ಣು ತೋರಿಸಲು ಮೈಸೂರಿಗೆ ಬರುತ್ತಾರೆ. ಅವರ ಕೈಯಲ್ಲಿ ನಿಪ್ಪಟ್ಟು, ಒಂದು ಉಂಡೆ ದಾರ, ಒಂದು ಡಜನ್ ಕ್ಲಿಪ್ಪು ಕಳಿಸುತ್ತೇನೆ. ಗೇಟಿನ ಹತ್ತಿರ ಬಂದು ತೆಗೆದುಕೋ. ಕಲ್ಯಾಣಿಯನ್ನೇ ಮೊದಲು ಹಾಕು, ಮಿಕ್ಕಿದ್ದು ಆಮೇಲೆ. ಹಾಕಿದ ಮೇಲೆ ಬರೆ.

ಇಂತಿ ನಿನ್ನ
ದೊಡ್ಡಮ್ಮ

ಮರೆತಿದ್ದೆ: ಕ್ಲಿಪ್ಪಿನ ಸ್ಪ್ರಿಂಗು ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆಗೆ ಕೆಂಪು ಕಲೆ ಮಾಡುತ್ತದೆ. ಕಚ್ಚುವ ಕಡೆ ಒಂದು ಚೂರು ಕಾಗದ ಮಡಿಸಿ ಇಡು.