ನಮ್ಮ ಹುಡುಗನನ್ನು ನಿಲ್ಲಿಸಿದವರಿಗೆಲ್ಲ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಮೊದಲು, ರೇಸಿನಲ್ಲಿ ಕಾಲು ಮುರಿದುಕೊಂಡ ನಮ್ಮ ಕುದುರೆಯ ಸುದ್ದಿ ಹೇಳಿಬಿಡುತ್ತೇನೆ. ಹೊಸ ಎಕ್ಸ್‌-ರೇ ಬಂದಿದೆ, ಮೂಳೆ ಕೂಡಿಕೊಂಡಿದೆ. ಆಪರೇಷನ್ ಮಾಡಿ ಹಾಕಿದ ಸ್ಕ್ರೂಗಳು ಕೂರಿಸಿದ ಜಾಗದಲ್ಲೇ ಇವೆ. ನಮ್ಮ ಹುಡುಗ ಈಗ ನಾಲ್ಕೂ ಕಾಲಿನ ಮೇಲೆ ಭಾರ ಬಿಟ್ಟು ನಡೆಯುತ್ತಿದ್ದಾನೆ, ಕುಂಟುತ್ತಿಲ್ಲ. ಆದರೆ ಈ ಸೀಸನ್‌ನಲ್ಲಿ ಓಡುವುದಿಲ್ಲ.

ಇಷ್ಟು ತಿಂಗಳು "ಯಾವಾಗ ಓಡುತ್ತಾನೆ?" ಅಂತ ಕೇಳಿದವರು ತುಂಬ ಜನ. "ಇವತ್ತು ಮೇವು ತಿಂದನಾ?" ಅಂತ ಕೇಳಿದವರೂ ಇದ್ದಾರೆ. ಇಬ್ಬರಿಗೂ ಥ್ಯಾಂಕ್ಸ್. ಎರಡನೆಯವರಿಗೆ ಸ್ವಲ್ಪ ಜಾಸ್ತಿ, ಬೇಜಾರು ಮಾಡಿಕೊಳ್ಳಬೇಡಿ.

ಟ್ರೈನರ್ ಆಗಿ ನನ್ನ ಕೆಲಸವೇ ಕುದುರೆಯನ್ನು ಓಡಿಸುವುದು. ಆದರೆ ಇವನು ಇವತ್ತು ಬದುಕಿದ್ದಾನೆ ಅಂದರೆ ಅದು ಇವನನ್ನು ಹಿಡಿದು ನಿಲ್ಲಿಸಿದವರಿಂದ. ಈ ಬರಹ ಅವರಿಗಾಗಿ.

ಮೊದಲು ನಮ್ಮ ಜಾಕಿ. ಅವತ್ತು ರೇಸಿನ ಕೊನೆಯ ತಿರುವು ದಾಟಿದಾಗ ಇವನು ಮುಂದೆ ಇದ್ದ. ಸ್ಟ್ಯಾಂಡ್‌ನಲ್ಲಿ ಕೂತವರ ಕಣ್ಣಿಗೆ ಏನೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಹೆಜ್ಜೆ ಬದಲಾಗಿದ್ದು ಮೇಲೆ ಕೂತವರಿಗೆ ಮಾತ್ರ ಗೊತ್ತಾಯಿತು. ಗೆಲುವು ಎದುರಿಗೇ ಇದ್ದಾಗ ಅವರು ಲಗಾಮು ಎಳೆದರು. ಥಟ್ಟನೆ ಎಳೆದರೂ ಅಪಾಯ, ಹಿಂದೆ ಬೇರೆ ಕುದುರೆಗಳಿರುತ್ತವೆ. ಮೆಲ್ಲಗೆ ಹೊರಬದಿಗೆ ತಂದು ನಿಲ್ಲಿಸಿ, ಕೆಳಗೆ ಹಾರಿ, ಅವನ ತಲೆ ಹಿಡಿದು ನಿಂತರು.

ಅದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗಬೇಕಾದರೆ ಕುದುರೆಯ ಕಾಲು ಗೊತ್ತಿರಬೇಕು. ಐನೂರು ಕಿಲೋ ಹತ್ತಿರದ ಪ್ರಾಣಿ. ನಾಗಾಲೋಟದಲ್ಲಿ ಒಂದು ಮುಂಗಾಲು ನೆಲ ಮುಟ್ಟಿದಾಗ ಅದರ ಮೇಲೆ ಬೀಳುವ ಬಲ ಮೈತೂಕದ ಸುಮಾರು ಎರಡೂವರೆ ಪಟ್ಟು. ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೇ ಇಲ್ಲ ಅನ್ನಬಹುದು. ಮೂಳೆ, ಟೆಂಡನ್, ಚರ್ಮ, ಅಷ್ಟೇ. ಇವನ ಬಲ ಮುಂಗಾಲಿನಲ್ಲಿ ಗೊರಸಿನ ಮೇಲಿನ ಕೀಲಿನಿಂದ ಶುರುವಾಗಿ ಉದ್ದ ಮೂಳೆಯಲ್ಲಿ ಮೇಲಕ್ಕೆ ಬಿರುಕು ಹೋಗಿತ್ತು. ಹಾಗೇ ಓಡಿಸಿದ್ದರೆ ಮೂಳೆ ಪೂರ್ತಿ ಸೀಳಿ ಚರ್ಮ ಹರಿದು ಹೊರಬರಬಹುದಿತ್ತು. ಅಲ್ಲಿಂದ ವಾಪಸ್ ಬರುವ ಕುದುರೆಗಳು ತುಂಬ ಕಡಿಮೆ.

ಟ್ರ್ಯಾಕ್‌ನಲ್ಲೇ ಸ್ಪ್ಲಿಂಟ್ ಕಟ್ಟಿ ಆಂಬುಲೆನ್ಸ್‌ಗೆ ಹತ್ತಿಸಿದ ತಂಡಕ್ಕೆ, ಆಪರೇಷನ್ ಮಾಡಿದ ಡಾಕ್ಟರುಗಳಿಗೆ ಎಷ್ಟು ಹೇಳಿದರೂ ಸಾಲದು. ಆದರೆ ನನಗೆ ಆಪರೇಷನ್‌ಗಿಂತ ಅದು ಮುಗಿದ ಮೇಲಿನ ಹೊತ್ತೇ ಹೆಚ್ಚು ಭಯವಾಗಿತ್ತು. ಅಮೆರಿಕದ ರಫಿಯನ್ ಅನ್ನೋ ಹೆಣ್ಣು ಕುದುರೆಯ ಕಥೆ ರೇಸಿನವರಿಗೆಲ್ಲ ಗೊತ್ತು. 1975ರ ಜುಲೈನಲ್ಲಿ ಬೆಲ್ಮಾಂಟ್ ಪಾರ್ಕ್‌ನಲ್ಲಿ ಓಡುವಾಗ ಕಾಲು ಮುರಿಯಿತು. ಆಪರೇಷನ್ ಆಯಿತು. ಅರಿವಳಿಕೆ ಇಳಿದು ಎಚ್ಚರವಾದಾಗ ಇನ್ನೂ ರೇಸಿನಲ್ಲೇ ಇದ್ದೀನಿ ಅನ್ನೋ ಹಾಗೆ ಮಲಗಿದಲ್ಲೇ ಕಾಲು ಬಡಿದು ಎಲ್ಲ ಹಾಳಾಯಿತು. ಉಳಿಸಿಕೊಳ್ಳಲು ಆಗಲಿಲ್ಲ.

ಕುದುರೆಗೆ ಎಚ್ಚರ ಆಗುತ್ತಿದ್ದಂತೆ ಎದ್ದು ಓಡಬೇಕು, ಹುಟ್ಟುಗುಣ ಅದು. ಇವನನ್ನು ಗೋಡೆಗೆಲ್ಲ ಮೆತ್ತೆ ಹಾಕಿದ ಕೋಣೆಯಲ್ಲಿ ಮಲಗಿಸಿ, ತಲೆಗೊಂದು ಬಾಲಕ್ಕೊಂದು ಹಗ್ಗ ಕಟ್ಟಿ, ಹೊರಗಿನಿಂದ ಹಿಡಿದುಕೊಂಡಿದ್ದರು. ಮೊದಲ ಸಲ ಎದ್ದಾಗ ಮುಗ್ಗರಿಸಿದ. ಬಾಲದ ಹಗ್ಗ ಹಿಡಿದಿದ್ದ ಸಹಾಯಕರು ಇಡೀ ಮೈಭಾರ ಹಿಂದಕ್ಕೆ ಹಾಕಿ ನಿಂತರು. ಎರಡನೇ ಸಲ ಎದ್ದು ನಿಂತ. ಮೈಯೆಲ್ಲ ಬೆವರು, ಕಾಲು ನಡುಗುತ್ತಿತ್ತು, ಆದರೆ ಪ್ಲಾಸ್ಟರ್ ಹಾಗೇ ಇತ್ತು. ಹಗ್ಗ ಹಿಡಿದ ಆ ಕೈಗಳಿಗೆ ನನ್ನ ದೊಡ್ಡ ನಮಸ್ಕಾರ.

ಇನ್ನು ಇವನನ್ನು ದಿನಾ ನೋಡಿಕೊಳ್ಳುವ ನಮ್ಮ ಸೈಸ್. ಎಲ್ಲರೂ ಮುರಿದ ಕಾಲನ್ನೇ ನೋಡುತ್ತಿದ್ದಾಗ ಅವರು ಉಳಿದ ಮೂರನ್ನು ನೋಡುತ್ತಿದ್ದರು. 2006ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ರೇಸ್ ಗೆದ್ದ ಬಾರ್ಬರೋ ಅನ್ನೋ ಕುದುರೆ ಎರಡೇ ವಾರಕ್ಕೆ ಪ್ರೀಕ್ನೆಸ್ ಅನ್ನೋ ಇನ್ನೊಂದು ರೇಸ್‌ನಲ್ಲಿ ಹಿಂಗಾಲು ಮುರಿದುಕೊಂಡ. ಆಪರೇಷನ್ ಚೆನ್ನಾಗೇ ಆಗಿತ್ತು. ಆದರೆ ಭಾರ ಹೊತ್ತ ಬೇರೆ ಕಾಲುಗಳಿಗೆ ಲ್ಯಾಮಿನೈಟಿಸ್ ಬಂತು. ಗೊರಸು ಒಳಗಿನ ಮೂಳೆಯಿಂದ ಬಿಡತೊಡಗುವ ಕಾಯಿಲೆ ಅದು, ವಿಪರೀತ ನೋವು. 2007ರ ಜನವರಿಯಲ್ಲಿ ಅವನಿಗೆ ದಯಾಮರಣ ಕೊಟ್ಟು ಕಳುಹಿಸಿಕೊಡಬೇಕಾಯಿತು. ನಮ್ಮ ಸೈಸ್ ದಿನಾ ರಾತ್ರಿ ಒಳ್ಳೇ ಕಾಲುಗಳ ಗೊರಸಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು. ಗೊರಸಿನ ಮೇಲೆ ಹಿಂಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹಿಡಿಯುತ್ತಿದ್ದರು. ಒಮ್ಮೆ ನಾಡಿ ಜೋರಾಗಿದೆ ಅನ್ನಿಸಿ ನಡುರಾತ್ರಿ ಡಾಕ್ಟರಿಗೆ ಫೋನ್ ಮಾಡಿದರು. ಏನೂ ಇರಲಿಲ್ಲ. ಡಾಕ್ಟರು ಬೈಯಲಿಲ್ಲ, "ಇನ್ನೊಮ್ಮೆ ಹಾಗನ್ನಿಸಿದರೂ ಮಾಡಿ" ಅಂದರು. ಇಬ್ಬರಿಗೂ ಥ್ಯಾಂಕ್ಸ್.

ನೋವು ಇಳಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಲಾಯದಿಂದ ಹೊರಗೆ ಬಿಡುವಂತಿಲ್ಲ, ಅವನಿಗೆ ಸುಮ್ನೆ ನಿಲ್ಲೋಕೆ ಆಗದು. ಅವನ ಫೋಟೋ ನೋಡಿ "ಕಣ್ಣಲ್ಲಿ ಇನ್ನೂ ಓಡೋ ಆಸೆ ಇದೆ" ಅಂತ ಬರೆದಿದ್ದೀರಿ. ಇತ್ತು, ನಿಜ. ಅದೇ ನಮ್ಮ ತಲೆನೋವಾಗಿತ್ತು! ಧಾನ್ಯ ಕಡಿಮೆ ಮಾಡಿ ಒಣಹುಲ್ಲು ಹೆಚ್ಚು ಮಾಡಿದೆವು. ಪಕ್ಕದಲ್ಲಿ ಒಂದು ಮುದಿ ಕುದುರೆಯನ್ನು ತಂದು ಕಟ್ಟಿದೆವು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಅಜ್ಜ. ಅವನು ಮೆಲ್ಲುತ್ತಾ ನಿಂತರೆ ಇವನೂ ತಣ್ಣಗಾಗುತ್ತಿದ್ದ. ಕೇಳಿದ ತಕ್ಷಣ ಒಪ್ಪಿದ ಅಜ್ಜನ ಮಾಲೀಕರಿಗೆ ತುಂಬ ಥ್ಯಾಂಕ್ಸ್. "ಈಗ ನಡೆಸಬಹುದಾ?" ಅಂತ ನಾನು ಕೇಳಿದಾಗಲೆಲ್ಲ "ಇನ್ನೂ ಬೇಡ" ಅಂದ ಡಾಕ್ಟರಿಗೂ.

ಇವನ ಮಾಲೀಕರು ಬಿಲ್ ಕಟ್ಟಿದರು, ತಾರೀಖು ಕೇಳಲಿಲ್ಲ. ಈ ರಂಗದಲ್ಲಿ ಅದು ಎಷ್ಟು ಅಪರೂಪ ಅಂತ ಬಲ್ಲವರಿಗೆ ಗೊತ್ತು.

ಆಮೇಲೆ ನೀವೆಲ್ಲ. ಮಕ್ಕಳು ಬರೆದು ಕಳಿಸಿದ ಚಿತ್ರಗಳು ಲಾಯದ ಬಾಗಿಲಿಗೆ ಅಂಟಿವೆ. ಒಂದರಲ್ಲಿ ಇವನಿಗೆ ಐದು ಕಾಲಿದೆ, ಬಹುಶಃ ಒಂದು ಸ್ಪೇರ್ ಇರಲಿ ಅಂತ. ಅವತ್ತು ಇವನ ಮೇಲೆ ಹಣ ಕಟ್ಟಿ ಕಳೆದುಕೊಂಡವರೊಬ್ಬರು "ದುಡ್ಡು ಹೋದರೆ ಹೋಗಲಿ, ಅವನು ಎದ್ದು ನಿಂತನಾ?" ಅಂತ ಬರೆದಿದ್ದರು. ಅದನ್ನು ಜಾಕಿಗೆ ಓದಿ ಹೇಳಿದೆ. ಚಿಕಿತ್ಸೆಗೆ ಹಣ ಕಳಿಸುತ್ತೇವೆ ಅಂದವರಿಗೂ ಕೃತಜ್ಞತೆ. ಇವನಿಗೆ ಕೊರತೆ ಇಲ್ಲ. ರೇಸ್ ಬಿಟ್ಟ ಮೇಲೆ ದಿಕ್ಕಿಲ್ಲದ ಕುದುರೆಗಳು ಬೇಕಾದಷ್ಟಿವೆ, ಅವುಗಳನ್ನು ಸಾಕುವವರಿಗೆ ಕೊಡಿ.

ತೋಕಾಯ್ ತೇಯೋನ ಕಥೆ ಕಳಿಸಿದವರೂ ಹಲವರು. ಜಪಾನಿನ ಆ ಕುದುರೆ ಮತ್ತೆ ಮತ್ತೆ ಕಾಲಿನ ಮೂಳೆ ಮುರಿದುಕೊಂಡು, ಸುಮಾರು ಒಂದು ವರ್ಷ ರೇಸಿನಿಂದ ದೂರವಿದ್ದು, 1993ರ ಡಿಸೆಂಬರ್‌ನಲ್ಲಿ ಅರಿಮಾ ಕಿನೆನ್ ಅನ್ನೋ ದೊಡ್ಡ ರೇಸ್ ಗೆದ್ದ. ನನಗೂ ಇಷ್ಟದ ಕಥೆ. ಆದರೆ ಅದನ್ನು ಇಟ್ಟುಕೊಂಡು ನಾನು ಮಾತು ಕೊಡಲಾರೆ. ಇನ್ನು ಕೆಲವು ತಿಂಗಳು ನಡಿಗೆ, ಆಮೇಲೆ ನಿಧಾನದ ಓಟ, ಮತ್ತೆ ಎಕ್ಸ್‌-ರೇ. ಅದರಲ್ಲಿ ಒಂದಿಷ್ಟು ಅನುಮಾನ ಬಂದರೂ ಇವನು ಓಡುವುದಿಲ್ಲ. ಇದಕ್ಕೆ ಮಾಲೀಕರು, ಡಾಕ್ಟರು, ನಾನು ಮೂವರೂ ಒಪ್ಪಿದ್ದೇವೆ.

ನೋಡಲು ಬರುವವರು ಬೆಳಗಿನ ನಡಿಗೆ ಮುಗಿದ ಮೇಲೆ ಬನ್ನಿ. ದಯವಿಟ್ಟು ಹೆಸರು ಹಿಡಿದು ಕೂಗಬೇಡಿ, ರೇಸ್ ಇದೆ ಅಂದುಕೊಂಡು ಕುಣಿಯುತ್ತಾನೆ. ಕ್ಯಾರೆಟ್ ತಂದರೆ ಸೈಸ್ ಕೈಗೆ ಕೊಡಿ. ದಿನಕ್ಕೆ ಎಷ್ಟು ಅನ್ನೋ ಲೆಕ್ಕ ಅವರ ಹತ್ತಿರ ಇದೆ. ಹೊಟ್ಟೆ ಈಗಲೇ ಜೀನಿನ ಪಟ್ಟಿಗೆ ಸಿಗದಷ್ಟು ಬೆಳೆದಿದೆ.