ಅಡ್ಡರಸ್ತೆಗಳಿಗೆ ಸರಿಯಾದ ಹಂಪ್ ಹಾಕಿಸಿ

ಮಾನ್ಯರೇ,

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಅಡ್ಡರಸ್ತೆಗೆ ಕಾಂಕ್ರೀಟ್ ಬಿದ್ದ ಮೇಲೆ ಗುಂಡಿಗಳ ಕಾಟ ತಪ್ಪಿತು, ಆದರೆ ವಾಹನಗಳ ವೇಗ ಏರಿತು. ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಳ್ಳಲು ಬೈಕು, ಕಾರುಗಳು ಒಳಗೆ ನುಗ್ಗುವ ಹೊತ್ತಿಗೇ ಮಕ್ಕಳು ಶಾಲೆಯ ವ್ಯಾನಿಗಾಗಿ ಗೇಟಿನ ಮುಂದೆ ನಿಂತಿರುತ್ತಾರೆ. ಬೇಸತ್ತ ನಿವಾಸಿಗಳು ಕಳೆದ ವರ್ಷ, ಯಾರದೋ ಮನೆ ಕಟ್ಟಿ ಉಳಿದಿದ್ದ ಸಿಮೆಂಟು, ಜಲ್ಲಿ ಬಳಸಿ ತಾವೇ ಒಂದು ಹಂಪ್ ಕಟ್ಟಿದರು. ಅದಕ್ಕೆ ನಾನೂ ಒಪ್ಪಿದ್ದೆ. ಮೊಳದಗಲದ ಆ ದಿಬ್ಬಕ್ಕೆ ಬಿಳಿ ಪಟ್ಟೆ ಬಳಿದಿರಲಿಲ್ಲ, ಪಕ್ಕದ ಬೀದಿದೀಪವೂ ಕೆಟ್ಟಿತ್ತು. ಒಂದು ರಾತ್ರಿ ಮಗನ ಸ್ಕೂಟರಿನ ಹಿಂದೆ ಕುಳಿತು ಬರುತ್ತಿದ್ದ ನೆರೆಮನೆಯ ಅಜ್ಜಿ ಅಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಪ್ಪಿಗೆ ಕೊಟ್ಟ ತಪ್ಪು ಇಂದಿಗೂ ನನ್ನನ್ನು ಬಾಧಿಸುತ್ತಿದೆ.

ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿಯೇ ಹಂಪಿನ ಅಳತೆಯನ್ನು ಸೂಚಿಸಿದೆ: 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಇಷ್ಟಗಲಕ್ಕೆ ಇಳಿಜಾರಾಗಿ ಹರಡಿದ ಉಬ್ಬನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೆಚ್ಚು ಕುಲುಕಾಟವಿಲ್ಲದೆ ದಾಟಬಹುದು. ಅದಕ್ಕಿಂತ ಜೋರಾಗಿ ಬಂದವರಿಗೆ ಮಾತ್ರ ಪೆಟ್ಟು ತಾಗುತ್ತದೆ. ಮೊನಚಾದ ದಿಬ್ಬವಾದರೋ ಮೆಲ್ಲನೆ ಬರುವ ಆಟೊದಲ್ಲಿನ ಗರ್ಭಿಣಿಯನ್ನೂ ಎತ್ತಿ ಹಾಕುತ್ತದೆ.

ವೇಗದ ಲೆಕ್ಕವನ್ನು ಪೋಷಕರು ಒಮ್ಮೆ ಗಮನಿಸಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ವಾಹನ, ಚಾಲಕನಿಗೆ ಮಗು ಕಂಡ ಕ್ಷಣದಿಂದ ಸುಮಾರು 13 ಮೀಟರಿನೊಳಗೆ ಪೂರ್ತಿ ನಿಲ್ಲಬಲ್ಲದು. 50 ಕಿ.ಮೀ. ವೇಗದಲ್ಲಿದ್ದರೆ, ಎಚ್ಚೆತ್ತು ಬ್ರೇಕ್ ಒತ್ತಲು ಬೇಕಾಗುವ ಒಂದು ಸೆಕೆಂಡಿನಲ್ಲೇ ಅದು ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. ಮೊದಲನೆಯದು ನಿಂತಿರುವ ಜಾಗದಲ್ಲಿ ಎರಡನೆಯದರ ವೇಗ ಇನ್ನೂ ಇಳಿಯಲು ಆರಂಭವಾಗಿರುವುದಿಲ್ಲ.

ಆದ್ದರಿಂದ ಮಹಾನಗರ ಪಾಲಿಕೆಯ ಎಂಜಿನಿಯರುಗಳು ಹಾಗೂ ಸಂಚಾರ ಪೊಲೀಸರು ಬಡಾವಣೆಗಳ ಒಳರಸ್ತೆಗಳನ್ನು ಒಟ್ಟಾಗಿ ಪರಿಶೀಲಿಸಿ, ಅಳತೆ ಮೀರಿದ ದಿಬ್ಬಗಳನ್ನು ತೆಗೆಸಿ, ಬಣ್ಣದ ಪಟ್ಟೆ ಮತ್ತು ಮುನ್ಸೂಚನಾ ಫಲಕಗಳಿರುವ ಸರಿಯಾದ ಹಂಪುಗಳನ್ನು ಹಾಕಿಸಬೇಕು. ಶಾಲೆಗಳ ಮುಂದೆ ಮಕ್ಕಳು ದಾಟುವ ಜಾಗವನ್ನೇ ಸ್ವಲ್ಪ ಎತ್ತರಿಸಿದರೆ ಇನ್ನೂ ಒಳಿತು. ಮುಖ್ಯರಸ್ತೆಯಿಂದ ಒಳಗೆ ತಿರುಗುವ ಬಾಯಿಯನ್ನು ಕಿರಿದುಗೊಳಿಸಿದರೆ ವಾಹನಗಳು ತಿರುವಿನಲ್ಲಿಯೇ ನಿಧಾನಿಸುತ್ತವೆ. ನಮ್ಮ ಬೀದಿಯ ದಿಬ್ಬ ಇನ್ನೂ ಹಾಗೆಯೇ ಇದೆ. ಜೂನ್‌ನಲ್ಲಿ ಶಾಲೆಗಳು ಬಾಗಿಲು ತೆರೆಯುವ ಮೊದಲೇ ಅದನ್ನು ಒಡೆಸಿ ಬೇರೆ ಹಾಕಿಸಿಕೊಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ